‘ಆಗಲಿಲ್ಲ’ ಮತ್ತು ‘ಆಗದು’

ಹಿಂಗಾರಿ ಜೋಳದ ಬಿತ್ತನೆ ಮುಗಿದಿದ್ದ ದಿನಗಳು. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ನನ್ನ ಮುಂದಿನ ಆಸನದಲ್ಲಿ ಇಬ್ಬರು ಕಾಲೇಜು ಹುಡುಗರು ಒಂದೇ ಮೊಬೈಲಿಗೆ ತಲೆ ಕೊಟ್ಟು ಅಮೆರಿಕದ ಬಾಸ್ಕೆಟ್‌ಬಾಲ್ ಪಂದ್ಯವೊಂದರ ತುಣುಕುಗಳನ್ನು ನೋಡುತ್ತಿದ್ದರು. ಆ ವರ್ಷವೇ ವೃತ್ತಿಪರ ಆಟಕ್ಕೆ ಕಾಲಿಟ್ಟ ಹೊಸಬನೊಬ್ಬನ ಬಗ್ಗೆ ಅವರಲ್ಲಿ ಚರ್ಚೆ ನಡೆದಿತ್ತು. “ಒಂಬತ್ತು ಮ್ಯಾಚ್ ಆಡ್ಯಾನ, ಇವನ ಹಣೇಬರಾ ತಿಳೀತು. ಇವನಿಂದ ಆಗೂದಿಲ್ಲ ಬಿಡು” ಎಂದ ಒಬ್ಬ. ಇನ್ನೊಬ್ಬ ತಲೆಯಾಡಿಸಿದ. ಅಲ್ಲಿಗೆ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ, ಸಾವಿರಾರು ಮೈಲಿ ದೂರದ ಒಬ್ಬ ತರುಣನ ಭವಿಷ್ಯ ಸವದತ್ತಿ ತಲುಪುವ ಮೊದಲೇ ತೀರ್ಮಾನವಾಗಿತ್ತು. ಕಿಟಕಿಯ ಹೊರಗೆ ಕರಿನೆಲದಲ್ಲಿ ಗೇಣುದ್ದವೂ ಆಗದ ಜೋಳದ ಸಸಿಗಳು ಸಾಲುಸಾಲಾಗಿ ನಿಂತಿದ್ದವು.

ಹುಡುಗರ ಮಾತು ಕೇಳಿ ನಗು ಬರಬೇಕಿತ್ತು. ಬರಲಿಲ್ಲ. ಅದೇ ಮಾತನ್ನು ಒಮ್ಮೆ ನಾನೂ ಆಡಿದ್ದೆ. ಆಡಿದ್ದು ದೂರದ ಆಟಗಾರನ ಬಗ್ಗೆ ಅಲ್ಲ, ನನ್ನೆದುರು ನಿಂತಿದ್ದ ಒಬ್ಬ ಬಾಲಕನಿಗೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಪ್ರಶ್ನೆಯನ್ನು ನೇರವಾಗಿ ಇಟ್ಟುಕೊಳ್ಳೋಣ: ಒಬ್ಬ ಹೊಸಬನನ್ನು ಅವನ ಮೊದಲ ದಿನಗಳಲ್ಲೇ ಅಳೆಯಲು ನಮಗೆ ಹಕ್ಕಿದೆಯೇ? ಇದ್ದರೆ ಎಲ್ಲಿಯವರೆಗೆ?

ಆಟದ ಲೆಕ್ಕವನ್ನೇ ನೋಡೋಣ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಪ್ರತಿ ತಂಡ ಒಂದು ಋತುವಿನಲ್ಲಿ ಸಾಮಾನ್ಯವಾಗಿ 82 ಪಂದ್ಯಗಳನ್ನು ಆಡುತ್ತದೆ. ಅಕ್ಟೋಬರಿನಲ್ಲಿ ಆರಂಭವಾದದ್ದು ಏಪ್ರಿಲ್‌ವರೆಗೆ ನಡೆಯುತ್ತದೆ. ಹತ್ತು ಪಂದ್ಯಗಳೆಂದರೆ ಎಂಟನೆಯ ಒಂದು ಭಾಗವೂ ಅಲ್ಲ. ಹೊಸಬನೊಬ್ಬ ಪಂದ್ಯಕ್ಕೆ ಮೂರರಂತೆ ದೂರದಿಂದ ಚೆಂಡನ್ನು ಎಸೆದನೆನ್ನಿ. ಹತ್ತು ಪಂದ್ಯಗಳಿಗೆ ಮೂವತ್ತು ಎಸೆತಗಳಾದವು. ಅದರಲ್ಲಿ ಹನ್ನೆರಡು ಒಳಗೆ ಬಿದ್ದರೆ ನೂರಕ್ಕೆ ನಲವತ್ತು, ‘ಎಂಥ ಗುರಿಗಾರ!’ ಎನ್ನುತ್ತೇವೆ. ಎಂಟು ಬಿದ್ದರೆ ನೂರಕ್ಕೆ ಇಪ್ಪತ್ತೇಳೂ ಇಲ್ಲ; ‘ಇವನಿಗೆ ಎಸೆಯಲು ಬಾರದು’ ಎನ್ನುತ್ತೇವೆ. ಹೊಗಳಿಕೆಗೂ ತೆಗಳಿಕೆಗೂ ನಡುವೆ ಇರುವುದು ಬರೀ ನಾಲ್ಕು ಚೆಂಡು. ಕಬ್ಬಿಣದ ಬಳೆಯ ಅಂಚಿಗೆ ತಾಗಿದ ಚೆಂಡು ಒಳಕ್ಕೆ ಜಾರಿತೋ ಹೊರಕ್ಕೆ ಪುಟಿಯಿತೋ ಎಂಬುದರ ಮೇಲೆ ನಾವು ಒಬ್ಬ ಮನುಷ್ಯನ ಯೋಗ್ಯತೆಯನ್ನು ನಿಲ್ಲಿಸುತ್ತೇವೆ.

ಇಷ್ಟೇ ಅಲ್ಲ. ಆರಂಭದಲ್ಲಿ ಎದುರಾಳಿಗಳಿಗೆ ಹೊಸಬನ ಪರಿಚಯವಿರುವುದಿಲ್ಲ. ಅವನ ಒಂದು ಚಾತುರ್ಯ ನಾಲ್ಕು ದಿನ ನಡೆಯುತ್ತದೆ. ಐದನೆಯ ದಿನ ಅವರು ಅದಕ್ಕೆ ಬೇಲಿ ಹಾಕುತ್ತಾರೆ. ಆಗ ಅವನು ಇನ್ನೊಂದನ್ನು ಕಲಿಯಬೇಕು. ಹೊಸಬನ ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಂದ. ನಾವೋ ಪ್ರಶ್ನೆಪತ್ರಿಕೆ ಹಂಚುವ ಮೊದಲೇ ಅಂಕಪಟ್ಟಿ ಬರೆದಿರುತ್ತೇವೆ.

2013ರಲ್ಲಿ ಆ ಲೀಗಿಗೆ ಬಂದ ಮೂವರು ಹೊಸಬರ ಕಥೆ ಇಲ್ಲಿ ನೆನೆಯತಕ್ಕದ್ದು. ಮೈಕಲ್ ಕಾರ್ಟರ್ ವಿಲಿಯಮ್ಸ್ ಎಂಬ ತರುಣ ತನ್ನ ಮೊಟ್ಟಮೊದಲ ಪಂದ್ಯದಲ್ಲೇ, ಅದೂ ಹಿಂದಿನ ವರ್ಷದ ಚಾಂಪಿಯನ್ನರಾದ ಮಯಾಮಿ ತಂಡದ ವಿರುದ್ಧ, 22 ಅಂಕ ಗಳಿಸಿದ. 12 ಬಾರಿ ಜೊತೆಗಾರರ ಅಂಕಕ್ಕೆ ಚೆಂಡು ಒದಗಿಸಿದ. 9 ಬಾರಿ ಎದುರಾಳಿಯ ಕೈಯಿಂದ ಚೆಂಡು ಕಸಿದ. ವರ್ಷದ ಅತ್ಯುತ್ತಮ ಹೊಸಬನೆಂಬ ಪ್ರಶಸ್ತಿಯೂ ಅವನಿಗೇ ಬಂತು. ಅದೇ ವರ್ಷ ಗ್ರೀಸ್ ದೇಶದಿಂದ ಬಂದ, ನೈಜೀರಿಯಾ ಮೂಲದ ವಲಸೆಗಾರರ ಮಗ, ಹದಿನೆಂಟರ ಯಾನಿಸ್ ಆಂಟೆಟೊಕೂಂಪೊ ಮಿಲ್ವಾಕಿ ತಂಡದಲ್ಲಿ ಪಂದ್ಯಕ್ಕೆ ಸರಾಸರಿ 6.8 ಅಂಕಗಳಲ್ಲಿ ಆ ಋತುವನ್ನು ಮುಗಿಸಿದ. ಮುಂದೇನಾಯಿತು? ಮೊದಲನೆಯವನು ತಂಡದಿಂದ ತಂಡಕ್ಕೆ ಅಲೆದ. ಆ ಮೊದಲ ದಿನದ ಎತ್ತರವನ್ನು ಮತ್ತೆ ಮುಟ್ಟಲಾಗಲಿಲ್ಲ. ಎರಡನೆಯವನು 2019 ಮತ್ತು 2020ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿಕೊಂಡ. 2021ರ ಅಂತಿಮ ಸರಣಿಯ ಕೊನೆಯ ಪಂದ್ಯದಲ್ಲಿ 50 ಅಂಕ ಗಳಿಸಿ ತನ್ನ ತಂಡಕ್ಕೆ ಕಿರೀಟ ತಂದ.

ಪ್ರಾಮಾಣಿಕವಾಗಿ ಮೂರನೆಯವನನ್ನೂ ಹೇಳಬೇಕು. ಆ ವರ್ಷದ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಹೆಸರು ಕೂಗಿಸಿಕೊಂಡವನು ಆಂಟನಿ ಬೆನೆಟ್. ಅವನ ಆರಂಭ ತೀರ ಕಳಪೆಯಾಗಿತ್ತು. ‘ಇವನಿಂದಾಗದು’ ಎಂದು ಜನ ಆಗಲೇ ಅಂದರು. ನಾಲ್ಕು ಋತು, ನಾಲ್ಕು ತಂಡ. ನಂತರ ಲೀಗಿನಲ್ಲಿ ಅವನಿಗೆ ಜಾಗವಿರಲಿಲ್ಲ. ಅವನ ವಿಷಯದಲ್ಲಿ ಜನರ ಮಾತು ನಿಜವಾಯಿತು. ನಿಧಾನವಾಗಿ ಆರಂಭಿಸಿದವರೆಲ್ಲ ಯಾನಿಸ್ ಆಗುತ್ತಾರೆಂಬ ಸುಳ್ಳು ಸಮಾಧಾನವನ್ನು ನಾನು ಯಾರಿಗೂ ಕೊಡಲಾರೆ. ಆದರೆ ಒಂದು ಮಾತನ್ನು ಗಮನಿಸಿ: ಮೂವರ ಬಗ್ಗೆ ತೀರ್ಪಿತ್ತವರೂ ಅದೇ ಜನ, ಅವರ ಕೈಲಿದ್ದ ಸಾಕ್ಷಿಯೂ ಅಷ್ಟೇ. ಒಂದು ಕಡೆ ಅದು ನಿಜವಾಯಿತು, ಎರಡು ಕಡೆ ಸುಳ್ಳಾಯಿತು. ಸಾಕಷ್ಟು ಸಾಕ್ಷಿಯಿಲ್ಲದೆ ಆಡಿದ ಮಾತು ನಿಜವಾದರೂ ಅದು ನ್ಯಾಯವಾಗುವುದಿಲ್ಲ.

ನಮ್ಮ ನಾಡಿನಲ್ಲೇ ಇದಕ್ಕೆ ನಿದರ್ಶನಗಳಿಲ್ಲವೇ? ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸಿನಲ್ಲಿ ಗಳಿಸಿದ್ದು ಸೊನ್ನೆ. ನಾಯಕ ಪಟೌಡಿ ಅಂದು ತಮಗೆ ಧೈರ್ಯ ಹೇಳಿದರೆಂದು ವಿಶ್ವನಾಥ್ ಅವರೇ ನೆನೆಸಿಕೊಂಡಿದ್ದಾರೆ. ಎರಡನೆಯ ಇನಿಂಗ್ಸಿನಲ್ಲಿ ಅವರು 137 ಓಟ ಹೊಡೆದರು. ಮುಂದೆ 91 ಟೆಸ್ಟುಗಳು, 14 ಶತಕಗಳು. ಸೊನ್ನೆಗೂ ಶತಕಕ್ಕೂ ನಡುವಿನ ಆ ರಾತ್ರಿಗಳಲ್ಲಿ ಆ ಇಪ್ಪತ್ತರ ತರುಣನಿಗೆ ಬೇಕಾಗಿದ್ದುದು ತೀರ್ಪಲ್ಲ, ಒಂದು ಭರವಸೆಯ ಮಾತು. ಅದು ಸಿಕ್ಕಿತು.

ಇನ್ನೊಬ್ಬರು ಕರುಣ್ ನಾಯರ್. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ, ತಮ್ಮ ಮೂರನೆಯ ಟೆಸ್ಟಿನಲ್ಲೇ, ಔಟಾಗದೆ 303 ಓಟ ಗಳಿಸಿದರು. ಹೊಗಳಿಕೆ ಮುಗಿಲು ಮುಟ್ಟಿತು. ಗಾಯದಿಂದ ಚೇತರಿಸಿಕೊಂಡ ಹಿರಿಯ ಆಟಗಾರ ಮರಳಿದ್ದರಿಂದ ಮುಂದಿನ ಟೆಸ್ಟಿನಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಬಳಿಕ 2017ರಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್ ಆಡಿದರು. ಒಂದರಲ್ಲೂ ಮೂವತ್ತು ದಾಟಲಿಲ್ಲ. ಅಲ್ಲಿಗೆ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2025ರ ಜೂನಿನಲ್ಲಿ, ಎಂಟು ವರ್ಷಗಳ ನಂತರ. ಮರಳಿ ಬಂದವರು ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾದರು. ಈ ಕಥೆಗೆ ಸುಂದರವಾದ ಮುಕ್ತಾಯವಿಲ್ಲ. ಆದರೂ ನಡುವಿನ ಎಂಟು ವರ್ಷ ಆ ಮನುಷ್ಯ ಬ್ಯಾಟು ಕೆಳಗಿಡಲಿಲ್ಲ. ಬೇರೆ ರಾಜ್ಯದ ತಂಡಕ್ಕೆ ಹೋಗಿ ಆಡಿ, ಓಟಗಳ ರಾಶಿ ಹಾಕಿ, ಮುಚ್ಚಿದ ಬಾಗಿಲನ್ನು ತಟ್ಟುತ್ತಲೇ ಇದ್ದರು. ನಾಲ್ಕು ಇನಿಂಗ್ಸುಗಳ ಲೆಕ್ಕದಲ್ಲಿ ಆ ತಟ್ಟುವಿಕೆ ಎಲ್ಲಿತ್ತು?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ‘ತರಬೇತುದಾರ ನಾಳೆಯ ಪಂದ್ಯಕ್ಕೆ ಐವರನ್ನು ಇಳಿಸಲೇಬೇಕು. ಎಲ್ಲರೂ ಅರಳುವವರೆಗೆ ಅವನು ಕಾಯುತ್ತ ಕೂರಲಾದೀತೇ?’ ಕೂರಲಾಗದು. ನಿರ್ಧಾರ ಮಾಡಲೇಬೇಕು. ಆದರೆ ನಿರ್ಧಾರ ಬೇರೆ, ತೀರ್ಪು ಬೇರೆ. ‘ಇಂದು ನೀನು ಹೊರಗಿರು’ ಎನ್ನುವುದು ನಿರ್ಧಾರ. ‘ನೀನು ಇಷ್ಟೇ’ ಎನ್ನುವುದು ತೀರ್ಪು. ಮೊದಲನೆಯದು ಪಂದ್ಯದ ಮಾತು. ಎರಡನೆಯದು ಮನುಷ್ಯನ ಮಾತು. ನಮ್ಮ ಕನ್ನಡವೇ ಈ ಭೇದವನ್ನು ಎಷ್ಟು ಚೆನ್ನಾಗಿ ಹಿಡಿದಿಟ್ಟಿದೆ ನೋಡಿ. ‘ಆಗಲಿಲ್ಲ’ ಎಂದರೆ ನಡೆದದ್ದಕ್ಕೆ ಸಾಕ್ಷಿ ನುಡಿದಂತೆ. ‘ಆಗದು’ ಎಂದರೆ ಇನ್ನೂ ನಡೆಯದಿದ್ದುದಕ್ಕೆ ಬೀಗ ಜಡಿದಂತೆ. ಕಂಡದ್ದನ್ನು ಕಂಡಂತೆ ನುಡಿಯುವ ಅಧಿಕಾರ ನಮಗಿದೆ. ಕಾಣದಿರುವುದಕ್ಕೆ ಬೀಗ ಹಾಕುವ ಅಧಿಕಾರ ಯಾರು ಕೊಟ್ಟರು?

ಅಚ್ಚರಿಯೆಂದರೆ, ಕೋಟಿಗಟ್ಟಲೆ ಹಣ ಹೂಡಿದ ಆ ಲೀಗಿನ ಒಡೆಯರೇ ನೋಡುಗರಷ್ಟು ಅವಸರಪಡುವುದಿಲ್ಲ. ಅಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹೊಸಬನಿಗೆ ಮೊದಲ ಎರಡು ವರ್ಷಗಳ ಸಂಬಳ ಖಚಿತ. ಮೂರನೆಯ ಮತ್ತು ನಾಲ್ಕನೆಯ ವರ್ಷ ಅವನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ತಂಡ ಆಮೇಲೆ ನಿರ್ಧರಿಸುತ್ತದೆ. ಲಾಭವನ್ನೇ ನೆಚ್ಚಿದ ವ್ಯಾಪಾರಕ್ಕೂ ಒಂದು ವರ್ಷ ಕಾಯಬೇಕೆಂಬುದು ತಿಳಿದಿದೆ. ಬಿಡಿಗಾಸು ಕಳೆದುಕೊಳ್ಳದ ನಮಗೆ ಮಾತ್ರ ಹತ್ತು ಪಂದ್ಯಗಳ ತಾಳ್ಮೆಯೂ ಇಲ್ಲ.

ಈಗ ನನ್ನ ಮಾತು. ಬಹಳ ವರ್ಷಗಳ ಹಿಂದೆ ರಾಮದುರ್ಗ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದೆ. ಕಬಡ್ಡಿ ತಂಡದ ಹೊಣೆಯೂ ನನ್ನದೇ. ಒಂದು ವರ್ಷ, ನೇಕಾರರ ಮನೆಯ ಹುಡುಗನೊಬ್ಬ ಹೊಸದಾಗಿ ತಂಡ ಸೇರಿದ. ತಾಲೂಕು ಮಟ್ಟದ ಎರಡು ಪಂದ್ಯಗಳಲ್ಲಿ ಅವನನ್ನು ದಾಳಿಗೆ ಕಳಿಸಿದೆ. ಹೋದಾಗಲೆಲ್ಲ ಸಿಕ್ಕಿಬಿದ್ದ. ಸೋಲಿನ ಸಿಟ್ಟಿನಲ್ಲಿ ಎಲ್ಲರ ಎದುರಿಗೆ, “ನಿನಗೆ ಈ ಆಟ ಒಲಿಯದು, ಮಗ್ಗದ ಮುಂದೆ ಕೂಡು” ಎಂದುಬಿಟ್ಟೆ. ಅವನು ಮತ್ತೆ ಮೈದಾನಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ಅವನನ್ನು ತಂಡದಿಂದ ಕೈಬಿಟ್ಟದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅಂದು ಅವನಿಗಿಂತ ಚೆನ್ನಾಗಿ ಆಡುವವರಿದ್ದರು. ತಪ್ಪಿದ್ದುದು ಆ ಮಾತಿನಲ್ಲಿ.

ಎಷ್ಟೋ ವರ್ಷಗಳ ಮೇಲೆ ಸವದತ್ತಿಯ ಬಸ್ ನಿಲ್ದಾಣದಲ್ಲಿ ಅವನೇ ಗುರುತಿಸಿ ಮಾತಾಡಿಸಿದ. ತಲೆ ನರೆಯತೊಡಗಿತ್ತು, ಜೊತೆಯಲ್ಲಿ ಮಗನಿದ್ದ. ಹುಡುಗ ಕಬಡ್ಡಿ ಆಡುತ್ತಾನೆಯೇ ಎಂದು ನಾನು ಸುಮ್ಮನೆ ಕೇಳಿದೆ. ಅವನು ನಕ್ಕು, “ಇಲ್ರಿ ಸರ್, ನಮ್ಮ ರಕ್ತದಾಗ ಆಟ ಇಲ್ಲ. ನೀವ ಹೇಳಿದ್ರಲ್ಲ” ಎಂದ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಾನು ಕ್ಷಮೆ ಕೇಳಿ ಹಗುರಾಗುತ್ತಿದ್ದೆ. ಅವನು ನನ್ನ ಮಾತನ್ನು ನಂಬಿದ್ದ. ಎರಡು ಪಂದ್ಯಗಳನ್ನು ನೋಡಿ ನಾನಾಡಿದ ಮಾತು ಅವನ ಬಾಳನ್ನು ದಾಟಿ ಮಗನ ರಕ್ತಕ್ಕೂ ಹೋಗಿ ಸೇರಿತ್ತು. ಬಹುಶಃ ಅವನು ಒಳ್ಳೆಯ ಆಟಗಾರ ಆಗುತ್ತಿರಲಿಲ್ಲವೇನೋ. ಆದರೆ ಅದನ್ನು ತಿಳಿಯುವ ಅವಕಾಶ ಅವನಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ಅದನ್ನು ಇಲ್ಲವಾಗಿಸಿದವನು ನಾನು.

ಹಾಗಾದರೆ ಕಾಯುವುದಷ್ಟೇ ಸಾಕೇ? ಶುಭಸಂದೇಶದ ಆ ಹಣ್ಣು ಬಿಡದ ಅಂಜೂರದ ಮರದ ಸಾಮತಿ ನಮಗೆಲ್ಲ ಗೊತ್ತಿದೆ. ಒಡೆಯ ಕಡಿದುಹಾಕೆಂದಾಗ ತೋಟಗಾರ ಇನ್ನೊಂದು ವರ್ಷ ಬೇಡಿಕೊಳ್ಳುತ್ತಾನೆ. ಅವನು ಬೇಡುವುದು ಬರಿಯ ಕಾಲಾವಕಾಶವನ್ನಲ್ಲ. ಸುತ್ತ ಅಗೆದು ಗೊಬ್ಬರ ಹಾಕುವ ಕೆಲಸವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಆ ವರ್ಷ ಕಳೆದ ಮೇಲೂ ಫಲವಿಲ್ಲದಿದ್ದರೆ ಕಡಿಯಬಹುದೆಂಬುದನ್ನೂ ಒಪ್ಪುತ್ತಾನೆ. ತಾಳ್ಮೆಗೆ ಒಂದು ಅವಧಿ ಇರಬಹುದು; ಆದರೆ ಆ ಅವಧಿಯಲ್ಲಿ ಬೆವರು ಸುರಿಸಬೇಕಾದವರಲ್ಲಿ ನಾವೂ ಒಬ್ಬರು. ಅಗೆಯದೆ, ಗೊಬ್ಬರ ಹಾಕದೆ, ದೂರ ನಿಂತು ಹಣ್ಣು ಎಣಿಸುವವನು ತಾಳ್ಮೆಯುಳ್ಳವನೂ ಅಲ್ಲ, ತೀರ್ಪುಗಾರನೂ ಅಲ್ಲ.

ನಮ್ಮ ರೈತನಿಗೆ ಇದು ಗೊತ್ತು. ಜೋಳದ ಸಸಿ ಮೊದಲ ಕೆಲವು ವಾರ ನಿಧಾನವಾಗಿಯೇ ಬೆಳೆಯುತ್ತದೆ. ಆ ದಿನಗಳಲ್ಲಿ ಅವನು ‘ಈ ಬೆಳೆ ಬಾರದು’ ಎಂದು ಸಾರುತ್ತ ಬದುವಿನ ಮೇಲೆ ನಿಲ್ಲುವುದಿಲ್ಲ. ಎಡೆ ಹೊಡೆಯುತ್ತಾನೆ, ಕಳೆ ಕೀಳುತ್ತಾನೆ. ಯಾವ ಸಸಿ ಒಣಗಿತೆಂಬುದು ಅವನಿಗೆ ತಿಳಿಯದೆಂದಲ್ಲ. ಆದರೆ ಸುಗ್ಗಿಯ ಲೆಕ್ಕವನ್ನು ಸುಗ್ಗಿಯಲ್ಲೇ ಮಾಡುತ್ತಾನೆ.

ಪ್ರಿಯ ಓದುಗರೇ, ಆಟಗಾರರನ್ನು ಅಳೆಯುವ ಅವಕಾಶ ನಮ್ಮಲ್ಲಿ ಹೆಚ್ಚಿನವರಿಗೆ ಬರಲಾರದು. ಆದರೆ ಹೊಸಬರು ನಮ್ಮ ಸುತ್ತ ಎಲ್ಲೆಲ್ಲೂ ಇದ್ದಾರೆ. ಕಿತ್ತೂರಿನ ಬಾಲಕಿಯರ ಸೈನಿಕ ವಸತಿ ಶಾಲೆಗೆ ಮಗಳನ್ನು ಬಿಟ್ಟು ಬಂದ ತಂದೆ ಮೊದಲ ವಾರದ ಅಳುವನ್ನು ಕೇಳಿ, ‘ಇವಳು ಇಲ್ಲಿ ನಿಲ್ಲಲಾರಳು’ ಎನ್ನಬಹುದು. ರಾಮದುರ್ಗದ ಮಗ್ಗದ ಮುಂದೆ ಕುಳಿತ ಹೊಸ ಕೈ ಮೊದಲ ದಿನ ಹತ್ತು ಸಲ ಎಳೆ ಕಡಿಯಬಹುದು. ಮನೆಗೆ ಬಂದ ಸೊಸೆಯ ಮೊದಲ ಅಡುಗೆ, ಊರಿಗೆ ಬಂದ ಹೊಸ ಶಿಕ್ಷಕನ ಮೊದಲ ಪಾಠ, ಹೊಸ ಗುರುಗಳ ಮೊದಲ ಪ್ರಬೋಧನೆ, ಇವೆಲ್ಲವೂ ನಮ್ಮ ನಾಲಿಗೆಯ ಎದುರು ನಿಂತಿವೆ. ಅವರ ತಪ್ಪನ್ನು ಕಾಣದವರಂತೆ ನಟಿಸಬೇಕಾಗಿಲ್ಲ; ತಿದ್ದಬೇಕು, ಬೇಕಾದರೆ ಗದರಿಸಬೇಕು. ಹಾಗೆಯೇ ಮೊದಲ ದಿನವೇ ಮೆರೆದವರನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಕಾಗಿಯೂ ಇಲ್ಲ. ಆ ಹೊಗಳಿಕೆಯೂ ಮುಂದೊಂದು ದಿನ ಅವರಿಗೆ ಹೊರೆಯಾದೀತು.

ಅಂದು ಬಸ್ಸಿನಲ್ಲಿ ಆ ಹುಡುಗರಿಗೆ ನಾನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಇಷ್ಟೇ ಹೇಳುತ್ತಿದ್ದೆ: ಮಕ್ಕಳೇ, ‘ಇವನಿಂದ ಆಗದು’ ಎನ್ನುವ ಮೊದಲು ‘ಇಂದು ಆಗಲಿಲ್ಲ’ ಎಂದು ನೋಡಿ. ಮಾತು ಚಿಕ್ಕದು. ಆದರೆ ಒಬ್ಬ ಮನುಷ್ಯನ ನಾಳೆ ಅದರೊಳಗೆ ಬದುಕಿ ಉಳಿಯುತ್ತದೆ.