ಸಹಿಯೂ ಒಂದು ಸಾಕ್ಷ್ಯ

ಸುಳ್ಳು ಸಾಕ್ಷ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನ್ಯಾಯಾಲಯದ ಕಟಕಟೆ. ಆದರೆ ಕಟಕಟೆ ಹತ್ತದೆ, ಕಚೇರಿಯ ಮೇಜಿನ ಮುಂದೆ ಕುಳಿತು ಒಂದು ಸಹಿಯ ಮೂಲಕ ನೀಡುವ ಸಾಕ್ಷ್ಯಗಳೂ ಇವೆ. ನಮ್ಮ ಮನೆಗಳ ಯುವಕ ಯುವತಿಯರೂ ಇಂದು ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಾಗಿ, ಪ್ರಯೋಗಾಲಯಗಳ ಹೊಣೆ ಹೊತ್ತು ದುಡಿಯುತ್ತಿದ್ದಾರೆ. ಆದ್ದರಿಂದ ಈ ಮಾತು ಅಗತ್ಯ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಪ್ರಕಾರ ರಾಜ್ಯದ ಸರಕಾರಿ ವಿಶ್ವವಿದ್ಯಾನಿಲಯಗಳು ದೊಡ್ಡ ಖರೀದಿಗಳಿಗೆ ಟೆಂಡರು ಕರೆಯಬೇಕು. ಅದರ 4ನೆಯ ಪ್ರಕರಣದಲ್ಲಿ ಕೆಲವು ವಿನಾಯಿತಿಗಳಿವೆ. ಸರಕಾರ ಘೋಷಿಸಿದ ತುರ್ತುಸ್ಥಿತಿ ಒಂದು. ಒಬ್ಬನೇ ಪೂರೈಕೆದಾರನಲ್ಲಿ ಸಿಗುವ, ಪರ್ಯಾಯವಿಲ್ಲದ ವಸ್ತು ಇನ್ನೊಂದು. ಅದನ್ನು ತೀರ್ಮಾನಿಸಲು ಮೂವರು ತಜ್ಞರ ಸಮಿತಿ ಬೇಕು. ಅವರಲ್ಲಿ ಖರೀದಿಸುವ ಸಂಸ್ಥೆಯವರು ಒಬ್ಬರೇ. ಸರಕಾರವೇ ಅಧಿಸೂಚನೆ ಹೊರಡಿಸುವ 4(ಜಿ)ಯ ಹೆಸರನ್ನಂತೂ ಪತ್ರಿಕೆ ಓದುವವರೆಲ್ಲ ಕೇಳಿದ್ದಾರೆ.

ಹಾಗಾದರೆ ವಿನಾಯಿತಿ ಕೇಳುವುದೇ ತಪ್ಪೇ? ಖಂಡಿತ ಅಲ್ಲ. ಇರುವ ಯಂತ್ರಕ್ಕೆ ಅದರ ತಯಾರಕನ ಬಿಡಿಭಾಗವೇ ಹೊಂದುವುದಾದರೆ ಟೆಂಡರು ಬರೀ ಕಾಟಾಚಾರ. ಶರೀಅತ್ ಕೂಡ ನಿರುಪಾಯತೆಯನ್ನು ಕಡೆಗಣಿಸುವುದಿಲ್ಲ. ಸೂರಃ ಅಲ್‌ಬಕರಃದ 173ನೆಯ ಸೂಕ್ತವು ನಿರುಪಾಯನಾದವನಿಗೆ ನಿಷಿದ್ಧ ಆಹಾರದಲ್ಲೂ ರಿಯಾಯಿತಿ ನೀಡಿದೆ. ಆದರೆ ಅದು ಆಸೆಪಟ್ಟವನಿಗಲ್ಲ, ಮಿತಿಮೀರಿದವನಿಗೂ ಅಲ್ಲ. ನಮ್ಮ ನಿರುಪಾಯತೆ ತಾನಾಗಿ ಬಂದುದೋ, ನಾವೇ ತಯಾರಿಸಿದ್ದೋ?

ತಯಾರಿಸುವುದು ಸುಲಭ. ಒಂದು ಕಂಪೆನಿಯ ಕೈಪಿಡಿಯಲ್ಲಿರುವ ಅಳತೆ, ತೂಕಗಳನ್ನು ಹಾಗೆಯೇ ಇಳಿಸಿ ‘ನಮ್ಮ ಅಗತ್ಯ’ವೆಂದು ಬರೆದರೆ ಜಗತ್ತಿನಲ್ಲಿ ಆ ಕಂಪೆನಿಯ ಹೊರತು ಇನ್ನಾರೂ ಉಳಿಯುವುದಿಲ್ಲ! ಜೂನ್‌ನಲ್ಲಿ ಬಂದ ಅನುದಾನವನ್ನು ಫೆಬ್ರವರಿಯ ತನಕ ಮುಟ್ಟದೆ, ಮಾರ್ಚ್ 31 ಸಮೀಪಿಸಿತೆಂದು ‘ತುರ್ತು’ ಎನ್ನುವುದೂ ಇದೇ ಜಾತಿಯದು.

ಲಂಚ ಪಡೆಯುವವರ ವಿಷಯ ಬಿಡಿ, ಅದರಲ್ಲಿ ಚರ್ಚೆಗೇನಿದೆ? ಕಷ್ಟವಿರುವುದು ಪ್ರಾಮಾಣಿಕರ ವಾದದಲ್ಲಿ. “ನಾನು ಒಂದು ಪೈಸೆಯನ್ನೂ ಮುಟ್ಟಿಲ್ಲ. ಟೆಂಡರು ಕರೆದರೆ ಅಗ್ಗದ ಕಳಪೆ ಯಂತ್ರ ಬರುತ್ತದೆ. ವಿದ್ಯಾರ್ಥಿಗಳಿಗೆ ಒಳ್ಳೆಯದು ಸಿಗಲೆಂದು ‘ಬೇರೆ ಯಾರೂ ತಯಾರಿಸುವುದಿಲ್ಲ’ ಎಂದು ಬರೆದೆ” ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ಗುಣಮಟ್ಟವನ್ನು ಮೊದಲು ಪರೀಕ್ಷಿಸಿ, ಅನಂತರ ದರ ತೆರೆಯುವ ಎರಡು ಲಕೋಟೆಗಳ ಪದ್ಧತಿ ಇದಕ್ಕೆಂದೇ ಇದೆ. ‘ಇದು ಉತ್ತಮ’ ಎಂಬುದು ಅಭಿಪ್ರಾಯ. ಸಮಿತಿ ಅದನ್ನು ತೂಗಿ ನೋಡಬಹುದು. ‘ಇದು ಮಾತ್ರ ಇದೆ’ ಎಂಬುದು ಸಾಕ್ಷ್ಯ. ಅದು ಸಮಿತಿಯ ಕಣ್ಣಿಗೇ ಬಟ್ಟೆ ಕಟ್ಟುತ್ತದೆ. ಅನ್ಯಾಯಕ್ಕೊಳಗಾದ ಇನ್ನೊಬ್ಬ ವ್ಯಾಪಾರಿಗೆ ತಾನು ಸೋತದ್ದೂ ತಿಳಿಯುವುದಿಲ್ಲ. ತಿಳಿಯದವನು ಕ್ಷಮಿಸುವುದಾದರೂ ಹೇಗೆ?

ಮಹಾಪಾಪಗಳನ್ನು ಎಣಿಸುವಾಗ ಪ್ರವಾದಿವರ್ಯರು(ಸ) ಒರಗಿ ಕುಳಿತಿದ್ದರು; ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು ಅದನ್ನೇ ಪದೇ ಪದೇ ಹೇಳಿದರೆಂದು ಬುಖಾರಿಯಲ್ಲಿದೆ.

ಸಮಿತಿಯಲ್ಲಿ ಹಿರಿಯರೊಬ್ಬರು “ಸಹಿ ಹಾಕಪ್ಪಾ, ಎಲ್ಲ ಕಡೆ ಹೀಗೆಯೇ” ಎಂದಾಗ ಕಿರಿಯ ಅಧ್ಯಾಪಕನು “ಸರ್, ಇದನ್ನು ಇನ್ನಿಬ್ಬರೂ ತಯಾರಿಸುತ್ತಾರೆ” ಎಂದು ಬರೆದರೆ ಕಡತ ಹಿಂದಿರುಗುತ್ತದೆ. ಹಿರಿಯರ ಮುಖ ಗಂಟಿಕ್ಕುತ್ತದೆ. ಟೆಂಡರು ಮುಗಿಯುವ ತನಕ ಆ ವರ್ಷದ ವಿದ್ಯಾರ್ಥಿಗಳು ಹಳೆಯ ಯಂತ್ರದಲ್ಲೇ ಕಲಿಯಬೇಕಾದೀತು. ಆ ನಷ್ಟ ನಿಜವಾದುದೇ. ಅದರ ಕಾರಣವನ್ನು ಅವನು ವಿದ್ಯಾರ್ಥಿಗಳ ಮುಂದೆ ನಿಂತು ಹೇಳಬಲ್ಲನು.