ಅಳತೆಕೋಲು ಮತ್ತು ಅರಿವು

ಪಯಣಕ್ಕೆ ಹೊರಟವನು ದಾರಿಯ ದೂರವನ್ನು ಹತ್ತು ಜನರಲ್ಲಿ ಕೇಳಿ ತಿಳಿಯಬಹುದು. ತನ್ನ ಬುತ್ತಿಯಲ್ಲಿ ಉಳಿದುದೆಷ್ಟೆಂಬುದನ್ನು ಮಾತ್ರ ತಾನೇ ಗಂಟು ಬಿಚ್ಚಿ ನೋಡಬೇಕು. ಸಂಸಾರಪಥದಲ್ಲಿ ನಡೆಯುವ ಸದ್ಭಕ್ತರಿಗೂ ಈ ನಿಯಮವೇ ಅನ್ವಯಿಸುವುದು.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ತಡಿಯಲ್ಲಿರುವ ಹೇಮಗಿರಿಯು ದನಗಳ ಜಾತ್ರೆಗೆ ಹೆಸರಾದ ಬೆಟ್ಟ. ಅಲ್ಲಿಗೆ ಗಾಡಿ ಹೂಡಿ ಬರುತ್ತಿದ್ದ ರೈತನಿಗೆ ಅಳತೆಕೋಲು ಬೇಕಾಗಿರಲಿಲ್ಲ. ಎತ್ತು ದಣಿದರೆ ಹೆಜ್ಜೆ ನಿಧಾನವಾಗುವುದು, ಕೊರಳು ಬಾಗುವುದು. ನೊಗ ಇಳಿಸೆಂದು ಅದು ಮೂಕಭಾಷೆಯಲ್ಲಿಯೇ ಹೇಳುವುದು. ಮೋಟಾರು ಕಾರಿಗಾದರೋ ಈ ಗುಣವಿಲ್ಲ. ಪೆಟ್ರೋಲು ತುಂಬಿದ್ದಾಗ ಓಡಿದ ವೇಗದಲ್ಲಿಯೇ ಅದು ಕೊನೆಯ ಹನಿಗಳವರೆಗೂ ಓಡಿ, ತೊಟ್ಟಿ ಬರಿದಾದೊಡನೆ ನಡುದಾರಿಯಲ್ಲಿ ನಿಂತುಬಿಡುವುದು. ಮನುಷ್ಯನ ಮನಸ್ಸು ಎತ್ತಿನಂತಲ್ಲ, ಈ ಯಂತ್ರದಂತೆ.

ಅಮೆರಿಕದ ಫೋರ್ಡ್ ಸಂಸ್ಥೆಯು 1908ರಿಂದ 1927ರವರೆಗೆ ತಯಾರಿಸಿದ 'ಮಾಡೆಲ್ ಟಿ' ಎಂಬ ಕಾರು ಲೋಕಪ್ರಸಿದ್ಧವಾದುದು. ಅದರಲ್ಲಿ ಪೆಟ್ರೋಲನ್ನು ತೋರಿಸುವ ಮುಳ್ಳು ಇರಲಿಲ್ಲ. ಬಹುಪಾಲು ಕಾರುಗಳಲ್ಲಿ ತೊಟ್ಟಿಯು ಮುಂದಿನ ಆಸನದ ಕೆಳಗೇ ಇತ್ತು. ಕುಳಿತವನು ಎದ್ದು, ಆಸನವನ್ನೆತ್ತಿ, ಮುಚ್ಚಳ ತೆರೆದು, ಮರದ ಕೋಲನ್ನು ತಳಮುಟ್ಟ ಇಳಿಸಿ, ಒದ್ದೆಯಾದ ಗುರುತನ್ನು ಆರುವ ಮೊದಲೇ ನೋಡಬೇಕಾಗಿತ್ತು. ತಾನು ಕುಳಿತ ಪೀಠವನ್ನು ಬಿಟ್ಟೇಳದವನಿಗೆ ಒಳಗಿನ ಸ್ಥಿತಿ ತಿಳಿಯದು ಎಂಬ ಪಾಠವು ಇದರಲ್ಲಿಯೇ ಅಡಗಿದೆ.

ಕೋಲಿಗೂ ಕೆಲವು ನಿಯಮಗಳುಂಟು. ಕಾರು ಸಮನೆಲದಲ್ಲಿ ನಿಂತಿರಬೇಕು. ಇಳಿಜಾರಿನಲ್ಲಿ ತೆಗೆದ ಅಳತೆ ಸುಳ್ಳಾಗುವುದು. ಹಾಗೆಯೇ ಸ್ತುತಿಗೆ ಉಬ್ಬಿದಾಗಲೂ ನಿಂದೆಗೆ ಕುಗ್ಗಿದಾಗಲೂ ಮಾಡಿಕೊಂಡ ಆತ್ಮಪರೀಕ್ಷೆ ನಿಜವಲ್ಲ. ಅಡ್ಡಲಾಗಿರುವ ಉರುಳೆಯಾಕಾರದ ತೊಟ್ಟಿಯಲ್ಲಿ ನಡುವಿನ ಒಂದು ಅಂಗುಲಕ್ಕೆ ಹಿಡಿಸುವಷ್ಟು ಪೆಟ್ರೋಲು ತಳದ ಒಂದು ಅಂಗುಲಕ್ಕೆ ಹಿಡಿಸದು. ಆದುದರಿಂದ ಅಳೆದು ಸುರಿಯುತ್ತ, ಪ್ರತಿಸಲವೂ ಕೋಲಿನ ಮೇಲೆ ಗುರುತು ಕೆತ್ತಿಕೊಳ್ಳಬೇಕು. ಬೇರೊಂದು ತೊಟ್ಟಿಗಾಗಿ ಕೆತ್ತಿದ ಕೋಲು ಇಲ್ಲಿ ನಡೆಯದು. ನೆರೆಮನೆಯ ವೈಭವದಿಂದ ತನ್ನ ಮನೆಯ ಶಕ್ತಿಯನ್ನು ಅಳೆಯಲಾಗದು. ಒಳಗೆ ಕತ್ತಲೆಂದು ಬೆಂಕಿಕಡ್ಡಿ ಗೀರಿದರಂತೂ ಕಾರೂ ಕಾರಿನವನೂ ಉಳಿಯರು. ತನ್ನ ಕುಂದನ್ನು ನೋಡುವಾಗಲೂ ಕೋಪದ ಕಿಡಿ ಸೋಕಬಾರದು.

ಇನ್ನೊಂದು ವಿಶೇಷವುಂಟು. ಈ ಕಾರಿನ ಪೆಟ್ರೋಲು ಮೇಲಿನಿಂದ ಕೆಳಕ್ಕೆ ತಾನಾಗಿಯೇ ಹರಿದು ಎಂಜಿನನ್ನು ಸೇರಬೇಕು. ಸಮದಾರಿಯಲ್ಲಿ ಸಾಲುವಷ್ಟು ಪೆಟ್ರೋಲು ಉಳಿದಿದ್ದರೂ ಕಡಿದಾದ ಏರಿನಲ್ಲಿ ಮುಂಭಾಗವು ಮೇಲಾದಾಗ ಅದು ಎಂಜಿನಿಗೆ ಮುಟ್ಟದು. ಆಗ ಸವಾರರು ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಏರಿಸಬೇಕಾಗುತ್ತಿತ್ತು. ಸುಖದ ದಿನಗಳಿಗೆ ಸಾಕೆನಿಸಿದ ಭಕ್ತಿಯು ಸಾವು, ಸಾಲ, ರೋಗಗಳ ಏರು ಬಂದಾಗ ಎದೆಗೆ ಮುಟ್ಟದಿರುವುದು ಹೀಗೆಯೇ. ಏರು ಎದುರಾದ ಮೇಲೆ ಅಳೆದು ಫಲವೇನು? ಬೆಟ್ಟದ ಬುಡದಲ್ಲಿಯೇ ಅಳೆಯಬೇಕು.

ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನವರು ಇಂತಹ ಅಳತೆಯನ್ನು ಬಲ್ಲವರಾಗಿದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಆ ಹೆಚ್ಚಳವನ್ನು ಗುರುತಿಸಿ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದರೆಂದು ಶರಣಚರಿತೆಯು ಸಾರುವುದು. ಕೊರತೆಯನ್ನು ಅಳೆಯುವವರು ಬಹುಮಂದಿ; ಹೆಚ್ಚಾದುದನ್ನೂ ಅಳೆದು ಬೇಡವೆಂದವರು ವಿರಳ. ಆ ಬಡಮನೆಯಲ್ಲಿ ಅರಿವೇ ಅಳತೆಕೋಲಾಗಿತ್ತು.

ಗೃಹಸ್ಥನ ಹಿಂದೆ ಮಡದಿ, ಮಕ್ಕಳು, ವೃದ್ಧ ತಾಯಿತಂದೆಗಳು ಕುಳಿತಿರುವರು. ಅವನು ಅಳೆಯದೆ ಹೊರಟರೆ ನಡುದಾರಿಯಲ್ಲಿ ನಿಲ್ಲುವವನು ಅವನೊಬ್ಬನೇ ಅಲ್ಲ. ಮದುವೆಯ ಆಡಂಬರಕ್ಕೆ ಹೊಲವನ್ನು ಅಡವಿಟ್ಟವನ ಸಾಲವನ್ನು ಮಕ್ಕಳು ಹೊರಬೇಕಾಗುವುದು. ಲಿಂಗಪೂಜೆಗೆ ಕುಳಿತ ಪ್ರಾತಃಕಾಲದ ಆ ಶಾಂತ ಘಳಿಗೆಯೇ ಭಕ್ತನ ಸಮನೆಲ. ಇಂದಿನ ಕಾಯಕದಿಂದ ಬಂದುದೆಷ್ಟು, ದಾಸೋಹಕ್ಕೆ ಸಂದುದೆಷ್ಟು, ಮನದಲ್ಲಿ ಉಳಿದ ತಾಳ್ಮೆಯೆಷ್ಟು ಎಂದು ಅಲ್ಲಿ ಕೋಲನ್ನಿಳಿಸಿ ನೋಡಲಿ. ಗುರುತು ಕೆಳಗಿದ್ದರೆ ನಾಚಬೇಕಾದುದಿಲ್ಲ. ತುಂಬಿಕೊಳ್ಳಲು ಇನ್ನೂ ಹೊತ್ತಿದೆ ಎಂಬುದನ್ನೇ ಅದು ತಿಳಿಸುವುದು. ನಾಚಬೇಕಾದುದು ಕೋಲನ್ನೇ ಇಳಿಸದೆ ಹೊರಟಾಗ.