ವಿಶಾಖೆಯ ಜೊತೆ ಹೋದ ಎಂಟು ಮಂದಿ



ಕಡೇಚೂರಿನ ನಮ್ಮಕ್ಕನ ಮಗಳು ಜರ್ಮನಿಯ ಪ್ರಜೆಯನ್ನು ಮದುವೆಯಾಗಿ ಅಲ್ಲಿಗೆ ಹೊರಟಿದ್ದಾಳೆ. "ಮಗಳು ಬಾಬಾಸಾಹೇಬ್ರ ಸಂವಿಧಾನದ ಹೊರಗ ಹೋಗ್ತಾಳೇನೋ ತಮ್ಮಾ?" ಎಂದು ಅಕ್ಕ ಕೇಳಿದಳು.

ಮದುವೆಯಾದ ಮಾತ್ರಕ್ಕೆ ಪೌರತ್ವ ಹೋಗುವುದಿಲ್ಲ. ತಾನಾಗಿ ಬೇರೆ ದೇಶದ ಪೌರತ್ವ ಪಡೆದರೆ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಭಾರತದ್ದು ಹೋಗುತ್ತದೆ. ಆ ತೀರ್ಮಾನ ಅವಳದೇ. ಆದರೆ ಮೊದಲ ವರ್ಷಗಳಲ್ಲಿ ಅವಳ ವಾಸದ ಪರವಾನಗಿ ಗಂಡನ ಜೊತೆಗಿನ ಸಂಸಾರವನ್ನೇ ಅವಲಂಬಿಸಿರುತ್ತದೆ. ಎಚ್ಚರ ಬೇಕಾದದ್ದು ಇಲ್ಲಿ.

ಧಮ್ಮಪದದ ಅಟ್ಠಕಥೆಯಲ್ಲಿ ವಿಶಾಖೆ ಸಾಕೇತದಿಂದ ಸಾವತ್ಥಿಗೆ ಸೊಸೆಯಾಗಿ ಹೋಗುತ್ತಾಳೆ. ತಂದೆ ಧನಂಜಯ ಒಡವೆ ಕೊಟ್ಟು ಸುಮ್ಮನಾಗಲಿಲ್ಲ. ಮಗಳ ಮೇಲೆ ತಪ್ಪು ಹೊರಿಸಿದರೆ ವಿಚಾರಿಸಲೆಂದು ಎಂಟು ಮಂದಿ ಗೃಹಸ್ಥರನ್ನು ಜೊತೆಗೆ ಕಳಿಸಿದ. ಮುಂದೆ ಮಾವ ಮಿಗಾರ ಮನೆಯಿಂದ ಹೊರಹಾಕಲು ಹೊರಟಾಗ ಆಕೆ ಆ ಎಂಟು ಮಂದಿಯನ್ನು ಕರೆಸಿದಳು. ಆಕೆಯ ತಪ್ಪಿಲ್ಲವೆಂದು ಅವರು ತೀರ್ಪು ಕೊಟ್ಟರು.

ನಮ್ಮ ಮಗಳ ಎಂಟು ಮಂದಿ ಇವರು: ತನ್ನ ಕೈಯಲ್ಲೇ ಇರುವ ಪಾಸ್‌ಪೋರ್ಟ್, ಮದುವೆ ನೋಂದಣಿ ಪತ್ರ, ಓದಿನ ಸರ್ಟಿಫಿಕೇಟು, ಸ್ವಂತ ಬ್ಯಾಂಕ್ ಖಾತೆ, ಆ ದೇಶದ ಭಾಷೆ, ತಿರುಗಿ ಬರುವಷ್ಟು ದುಡ್ಡು, ಭಾರತದ ರಾಯಭಾರ ಕಚೇರಿಯ ನಂಬರು, ಸರಿರಾತ್ರಿಯಲ್ಲೂ ಎತ್ತುವ ತವರಿನ ಫೋನು.

ಇದು ಅಳಿಯನ ಮೇಲಿನ ಅಪನಂಬಿಕೆಯಲ್ಲ. ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗಂಡನಿಗೆ ಹೇಳಿದ ಐದು ಕರ್ತವ್ಯಗಳಲ್ಲಿ ಮೊದಲನೆಯದೇ ಹೆಂಡತಿಯನ್ನು ಗೌರವಿಸುವುದು. ಗೌರವಿಸುವವನಿಗೆ ಈ ಎಂಟು ಮಂದಿ ಭಾರವಾಗುವುದಿಲ್ಲ.

ಇಂದಿನ ಅಭ್ಯಾಸ: ನಿಮ್ಮ ಮನೆಯಿಂದ ದೂರ ಹೊರಟ ಮಗಳಿಗೆ ಒಡವೆ ಲೆಕ್ಕ ಹಾಕುವ ಮೊದಲು ಈ ಎಂಟನ್ನು ಎಣಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.